‘ಬಡ’ ಅನ್ನುವ ಎರಡಕ್ಷರ: 1642ರ ಒಂದು ಊಟದ ಚಿತ್ರವನ್ನು ಕನ್ನಡಕ್ಕೆ ತಂದ ಪ್ರಕರಣ

ಹಿನ್ನೆಲೆ

ನಾವು ಐದು ಜನ. ಭಾನುವಾರ ಸಂಜೆ ವಿಡಿಯೊ ಕರೆಯಲ್ಲಿ ಸೇರುತ್ತೇವೆ. ಯುರೋಪಿನ ಹಳೆಯ ಚಿತ್ರಗಳಿಗೆ ಕನ್ನಡದಲ್ಲಿ ವಿವರಣೆ ಬರೆಯುತ್ತೇವೆ. ಒಂದು ಚಿತ್ರಕ್ಕೆ ಒಂದೂವರೆ ಪುಟ, ಜಾಸ್ತಿ ಇಲ್ಲ. ಗೊತ್ತಿರುವ ಕೆಲವು ಚಿತ್ರಕಲಾ ಶಿಕ್ಷಕರು ಅದನ್ನು ಹೈಸ್ಕೂಲು ತರಗತಿಯಲ್ಲಿ ಓದಿ ಹೇಳುತ್ತಾರೆ. ಆಮೇಲೆ ಮಕ್ಕಳು ಕಂಡದ್ದನ್ನು ಬರೆದುಕೊಡುತ್ತಾರೆ. ಆ ಹಾಳೆಗಳು ನಮಗೆ ವಾಪಸ್ ಬರುತ್ತವೆ.

ಇಲ್ಲಿ ಯಾರ ಹೆಸರೂ ಇಲ್ಲ, ಶಾಲೆ ಮತ್ತು ಊರಿನ ಗುರುತೂ ಇಲ್ಲ. ಗುಂಪಿನಲ್ಲಿ ಫ್ರೆಂಚ್ ಬಲ್ಲ ಅನುವಾದಕಿ ಒಬ್ಬರಿದ್ದಾರೆ. ಗ್ರಾಮ ಲೆಕ್ಕಿಗರಾಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ, ಅವರನ್ನು ಲೆಕ್ಕಿಗರು ಅಂತಲೇ ಕರೆಯುತ್ತೇನೆ. ಕ್ಯಾಥೊಲಿಕ್ ಮನೆತನದ ಶಿಕ್ಷಕಿ ಒಬ್ಬರು, ಚಿತ್ರಕಲೆ ಓದುತ್ತಿರುವ ಹುಡುಗ ಒಬ್ಬ, ಮತ್ತೆ ನಾನು. ಮೊದಲ ಕರಡು ಬರೆಯುವ ಕೆಲಸ ನನ್ನದು. ಈ ಪ್ರಕರಣದ ಮೊದಲ ತಪ್ಪೂ ನನ್ನದೇ.

ಆ ಸಲ ಆರಿಸಿಕೊಂಡದ್ದು ಪ್ಯಾರಿಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿರುವ ಒಂದು ತೈಲಚಿತ್ರ. ಅಗಲ 122 ಸೆಂ.ಮೀ., ಎತ್ತರ 97 ಸೆಂ.ಮೀ. ‘ಲೆ ನೆನ್’ ಅಂತ ಸಹಿ ಇದೆ, 1642 ಅಂತ ವರ್ಷ ಇದೆ. ಆಂಟ್ವಾನ್, ಲೂಯಿ, ಮಾಥ್ಯೂ ಎಂಬ ಮೂವರು ಸೋದರರು ಒಂದೇ ಮನೆಯಲ್ಲಿ, ಒಂದೇ ಕಾರ್ಯಶಾಲೆಯಲ್ಲಿ ಕೆಲಸ ಮಾಡಿದರು. ಸಹಿ ಹಾಕಿದಾಗ ಬರೀ ಮನೆತನದ ಹೆಸರು ಹಾಕಿದರು. ಯಾವ ಚಿತ್ರ ಯಾರದ್ದು ಅನ್ನುವ ಚರ್ಚೆ ಇಂದಿಗೂ ಮುಗಿದಿಲ್ಲ. ಈ ಚಿತ್ರವನ್ನು ಸಾಮಾನ್ಯವಾಗಿ ಲೂಯಿಯದ್ದು ಅನ್ನುತ್ತಾರೆ.

ಚಿತ್ರದಲ್ಲಿ ಇರುವುದು ಇಷ್ಟು. ಬಿಳಿ ಬಟ್ಟೆ ಹಾಸಿದ ಒಂದು ಮೇಜು. ಅದರ ಸುತ್ತ ಮೂವರು ಗಂಡಸರು ಕೂತಿದ್ದಾರೆ. ಬ್ರೆಡ್ಡು ಇದೆ, ಗಾಜಿನ ಲೋಟದಲ್ಲಿ ಕೆಂಪು ವೈನ್ ಇದೆ. ಹಿಂದೆ ಒಬ್ಬ ಹೆಂಗಸು ನಿಂತಿದ್ದಾಳೆ. ಮಕ್ಕಳಿದ್ದಾರೆ, ಅವರಲ್ಲಿ ಒಬ್ಬನ ಕೈಯಲ್ಲಿ ಪಿಟೀಲು. ಬಣ್ಣಗಳೆಲ್ಲ ಕಂದು, ಬೂದು, ಮಣ್ಣಿನ ಬಣ್ಣ. ಒಬ್ಬರ ನೋಟ ಇನ್ನೊಬ್ಬರಿಗೆ ಸಿಗುವುದಿಲ್ಲ. ಎಲ್ಲರೂ ಒಂದು ಕ್ಷಣ ಮಾತು ನಿಲ್ಲಿಸಿದ ಹಾಗೆ.

ಸಮಸ್ಯೆ

ಚಿತ್ರದ ಫ್ರೆಂಚ್ ಹೆಸರಿಗೆ ನೇರ ಅರ್ಥ ‘ರೈತರ ಊಟ’. ನಾನು ಬರೆದದ್ದು ‘ಬಡ ರೈತರ ಊಟ’.

ಬೇಕಂತ ಸೇರಿಸಿದ್ದಲ್ಲ. ನಮ್ಮ ಬಾಯಲ್ಲಿ ‘ರೈತ’ನ ಹಿಂದೆ ‘ಬಡ’ ತಾನಾಗಿ ಬಂದು ನಿಲ್ಲುತ್ತದೆ. ಪಠ್ಯಪುಸ್ತಕದ ಕಥೆಗಳಲ್ಲಿ ‘ಒಂದಾನೊಂದು ಊರಿನಲ್ಲಿ ಒಬ್ಬ ಬಡ ರೈತನಿದ್ದ’ ಅಂತಲೇ ಓದಿ ಬೆಳೆದವರು ನಾವು. ಐವರಲ್ಲಿ ಯಾರಿಗೂ ಅದು ತಪ್ಪು ಅಂತ ಕಾಣಲಿಲ್ಲ. ಕರಡು ತರಗತಿಗೆ ಹೋಯಿತು.

ಹಾಳೆಗಳು ಬಂದವು. ಹೆಚ್ಚು ಕಡಿಮೆ ಎಲ್ಲದರಲ್ಲೂ ಒಂದೇ ಮಾತು. ಪಾಪ, ಇವರಿಗೆ ತಿನ್ನಲು ಏನೂ ಇಲ್ಲ. ಬರೀ ಬ್ರೆಡ್ಡು. ಎಲ್ಲರೂ ದುಃಖದಲ್ಲಿದ್ದಾರೆ. ಪಿಟೀಲು ಹಿಡಿದ ಹುಡುಗನನ್ನು ಯಾರೂ ಬರೆದಿರಲಿಲ್ಲ. ಮೇಜಿನ ಮೇಲಿನ ಬಿಳಿ ಬಟ್ಟೆ ಯಾರಿಗೂ ಕಂಡಿರಲಿಲ್ಲ. ಕೂತ ಮೂವರೂ ಒಂದೇ ಥರದವರಲ್ಲ ಅನ್ನುವುದನ್ನು ಒಬ್ಬರೂ ಗಮನಿಸಿರಲಿಲ್ಲ.

ಮಕ್ಕಳು ಚಿತ್ರ ನೋಡಿರಲಿಲ್ಲ. ನನ್ನ ಶೀರ್ಷಿಕೆಯನ್ನು ನೋಡಿದ್ದರು.

ಮೊದಲ ಪ್ರಯತ್ನ: ಇತಿಹಾಸ ತುಂಬಿದ್ದು

ಹಿನ್ನೆಲೆ ಕಡಿಮೆಯಾಯಿತು ಅಂದುಕೊಂಡೆವು. ಇತಿಹಾಸ ಸೇರಿಸಿದೆವು. ಅದು ತುಂಬ ಒಳ್ಳೆಯ ಸಾಮಗ್ರಿ, ಹೇಳದೆ ಇರಲಾರೆ.

ಫ್ರಾನ್ಸ್ 1635ರಲ್ಲಿ ಸ್ಪೇನಿನ ಮೇಲೆ ಯುದ್ಧ ಸಾರಿತು. ಯುದ್ಧಕ್ಕೆ ದುಡ್ಡು ಬೇಕು. ಹಳ್ಳಿಗಳ ಮೇಲಿನ ತೆರಿಗೆ ಏರುತ್ತಲೇ ಹೋಯಿತು. 1637ರಲ್ಲಿ ಪೆರಿಗೋರ್ ಕಡೆ ರೈತರು ದಂಗೆ ಎದ್ದರು. 1639ರಲ್ಲಿ ನಾರ್ಮಂಡಿಯಲ್ಲಿ ಇನ್ನೊಂದು ದಂಗೆ. ಅದಕ್ಕೆ ಕಾರಣ ಉಪ್ಪಿನ ತೆರಿಗೆ. ಅಲ್ಲಿನ ಕರಾವಳಿಯಲ್ಲಿ ಮರಳಿನ ಮೇಲೆ ಬರಿಗಾಲಲ್ಲಿ ನಡೆದು ಉಪ್ಪು ತೆಗೆಯುವವರಿದ್ದರು. ಅವರಿಂದಲೇ ದಂಗೆಗೆ ‘ಬರಿಗಾಲಿನವರು’ ಅನ್ನುವ ಹೆಸರು ಬಂತು. ಸೈನ್ಯ ಕಳಿಸಿ ಅದನ್ನು ತುಳಿದು ಹಾಕಿದರು.

ಈ ಸೋದರರ ಊರು ಪ್ಯಾರಿಸಿನ ಈಶಾನ್ಯಕ್ಕಿರುವ ಲಾವ್ನ್. ಅವರ ಅಪ್ಪ ಅಲ್ಲಿನ ಸರ್ಕಾರಿ ಉಪ್ಪಿನ ಕಣಜದಲ್ಲಿ ಅಧಿಕಾರಿ. ಸುತ್ತಮುತ್ತ ಮನೆತನಕ್ಕೆ ಜಮೀನು, ದ್ರಾಕ್ಷಿ ತೋಟ ಇತ್ತು. ಅಂದರೆ ಇವರು ರೈತರನ್ನು ದೂರದಿಂದ ಕಂಡವರಲ್ಲ. ಆದರೆ ಕಂಡದ್ದು ಜಮೀನಿನ ಒಡೆಯರ ಮಕ್ಕಳಾಗಿ.

ಇದನ್ನೆಲ್ಲ ಬರೆಯುವಷ್ಟರಲ್ಲಿ ವಿವರಣೆ ನಾಲ್ಕು ಪುಟವಾಯಿತು. ಇನ್ನೊಂದು ತರಗತಿಗೆ ಕಳಿಸಿದೆವು. ಫಲ ಇನ್ನೂ ಕೆಟ್ಟದ್ದು. ಮಕ್ಕಳು ಯುದ್ಧದ ಬಗ್ಗೆ, ತೆರಿಗೆಯ ಬಗ್ಗೆ ಚೆನ್ನಾಗಿ ಬರೆದರು. ಚಿತ್ರದ ಬಗ್ಗೆ ಬರೆದದ್ದು ಮೂರೇ ಸಾಲು, ಅದೂ ಮತ್ತೆ ‘ಪಾಪ’. ನಾವು ಕೊಟ್ಟ ಒಂದೊಂದು ಸಂಗತಿಯೂ ಆ ‘ಬಡ’ ಅನ್ನುವ ಪದಕ್ಕೇ ಗೊಬ್ಬರವಾಗಿತ್ತು.

ತಿರುವು: ಮನೆ ಯಾರದು?

ಮುಂದಿನ ಭಾನುವಾರ ಅನುವಾದಕಿ ಒಂದು ಸಲಹೆ ಕೊಟ್ಟರು. ಯಾವ ಬರಹವೂ ಬೇಡ, ಶೀರ್ಷಿಕೆಯೂ ಬೇಡ, ಅರ್ಧ ಗಂಟೆ ಸುಮ್ನೆ ಚಿತ್ರ ನೋಡೋಣ ಅಂತ. ಪರದೆಯ ಮೇಲೆ ಚಿತ್ರ ದೊಡ್ಡದು ಮಾಡಿಕೊಂಡು ಕೂತೆವು. ಲೆಕ್ಕಿಗರು ಇಂಥ ಸಭೆಗಳಲ್ಲಿ ಮಾತಾಡುವುದು ಕಡಿಮೆ. ಆವತ್ತು ಅವರೇ ಮೌನ ಮುರಿದರು.

“ಈ ಮೂವರಲ್ಲಿ ಮನೆ ಯಾರದು?”

ನಮಗೆ ಯಾರಿಗೂ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಮೂವತ್ತು ವರ್ಷ ಪಹಣಿ ನೋಡಿದವರ ಕಣ್ಣು ಅದು. ಒಂದು ಹೊಲದಲ್ಲಿ ನಾಲ್ಕು ಜನ ನಿಂತಿದ್ದರೆ ಒಡೆಯ ಯಾರು, ಗೇಣಿ ಮಾಡುವವನು ಯಾರು, ಕೂಲಿಗೆ ಬಂದವನು ಯಾರು ಅಂತ ಅವರು ನಿಂತ ರೀತಿಯಲ್ಲೇ ಗುರುತಿಸಬಹುದು ಅಂತ ಅವರು ಹೇಳುತ್ತಿರುತ್ತಾರೆ.

“ಕಾಲು ನೋಡಿ” ಅಂದರು. ನೋಡಿದೆವು. ಕೂತವರಲ್ಲಿ ಒಬ್ಬನ ಕಾಲಿಗೆ ಏನೂ ಇಲ್ಲ. ಬಟ್ಟೆ ಹರಿದಿದೆ. ನಡುವೆ ಕೂತವನು ಹಾಗಿಲ್ಲ. ಅವನು ಕೂತ ರೀತಿಯಲ್ಲೇ ಒಂದು ಭದ್ರತೆ ಇದೆ. ಮನೆ ಅವನದು ಅಂತ ಅನ್ನಿಸುತ್ತದೆ. ಬಿಳಿ ಬಟ್ಟೆ ಹಾಸಿದ ಮೇಜು, ಗಾಜಿನ ಲೋಟ, ಮಗನ ಕೈಯಲ್ಲಿ ಪಿಟೀಲು. ತುತ್ತು ಅನ್ನಕ್ಕೆ ಪರದಾಡುವ ಮನೆಯಲ್ಲಿ ಇವು ಎಲ್ಲಿಂದ ಬರಬೇಕು?

ಅನುವಾದಕಿ ಆಗ ಫ್ರೆಂಚ್ ಪದದ ಒಳಗೆ ಏನಿದೆ ಅಂತ ಬಿಡಿಸಿ ಹೇಳಿದರು. ಹಳ್ಳಿಯಲ್ಲಿ ಬೇಸಾಯದಿಂದ ಬದುಕುವವರೆಲ್ಲ ಆ ಪದದಲ್ಲಿ ಬರುತ್ತಾರೆ. ಆದರೆ ಆ ಕಾಲದ ದಾಖಲೆಗಳಲ್ಲಿ ಅವರಲ್ಲೇ ಬೇರೆ ಬೇರೆ ಹೆಸರಿದೆ. ಸ್ವಂತ ನೇಗಿಲು, ಕುದುರೆ ಜೋಡಿ ಇದ್ದವನು ‘ಲಾಬೂರರ್’. ಬರೀ ಕೈಯನ್ನೇ ನಂಬಿ ಕೂಲಿ ಮಾಡುವವನು ‘ಮನೂವ್ರಿಯೆ’. ಒಂದೇ ಊರಿನಲ್ಲಿ ಇಬ್ಬರ ಬದುಕಿಗೂ ಅಜಗಜಾಂತರ. ನೀಲ್ ಮ್ಯಾಕ್‌ಗ್ರೆಗರ್ ಅನ್ನುವ ಬ್ರಿಟಿಷ್ ವಿದ್ವಾಂಸರು 1979ರಲ್ಲಿ ಈ ಸೋದರರ ಚಿತ್ರಗಳನ್ನು ಇದೇ ದಾರಿಯಲ್ಲಿ ಓದಿದರು. ಪಟ್ಟಣದ ಉಳ್ಳವರು ಹಳ್ಳಿಯ ಜಮೀನು ಕೊಳ್ಳುತ್ತಿದ್ದ ಕಾಲ ಅದು. ಆ ಜಮೀನನ್ನು ಗುತ್ತಿಗೆಗೆ ಹಿಡಿದು ಸ್ಥಿತಿವಂತರಾದ ರೈತರು ಈ ಚಿತ್ರಗಳಲ್ಲಿ ಇದ್ದಾರೆ ಅನ್ನುವುದು ಅವರ ವಾದ.

ಹಾಗಾದರೆ ನಮ್ಮ ಶೀರ್ಷಿಕೆ ಬರೀ ಒಂದು ಪದ ಜಾಸ್ತಿ ಹೇಳಿದ್ದಲ್ಲ. ಮೂವರ ನಡುವಿನ ಅಂತರವನ್ನೇ ಅಳಿಸಿ ಹಾಕಿತ್ತು. ಎಲ್ಲರೂ ಬಡವರಾದರೆ ಈ ಚಿತ್ರದಲ್ಲಿ ನಡೆಯುವಂಥದ್ದು ಏನೂ ಉಳಿಯುವುದಿಲ್ಲ. ಒಬ್ಬನ ಮನೆಗೆ ಇನ್ನೊಬ್ಬ ಬಂದಿದ್ದಾನೆ ಅಂದಾಗ ಮಾತ್ರ ಇದು ಒಂದು ಸನ್ನಿವೇಶ ಆಗುತ್ತದೆ. ‘ಬಡ’ ತೆಗೆದೆವು.

ಎರಡನೇ ತಪ್ಪು: ಎಲ್ಲವನ್ನೂ ದಾನ ಅಂದದ್ದು

ಇಲ್ಲಿಗೆ ಪ್ರಕರಣ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಶಿಕ್ಷಕಿಯವರು ಮೊದಲಿಂದಲೂ ಮೇಜಿನ ಮೇಲೇ ಕಣ್ಣಿಟ್ಟಿದ್ದರು. ಊಟ ಅನ್ನುತ್ತೀರಿ, ಆದರೆ ಕಾಣುವುದು ಬ್ರೆಡ್ಡು ಮತ್ತು ವೈನ್, ಅಲ್ವಾ ಅಂದರು. ಅವರ ಚರ್ಚಿನ ಕನ್ನಡದಲ್ಲಿ ಅದು ‘ರೊಟ್ಟಿ ಮತ್ತು ದ್ರಾಕ್ಷಾರಸ’. ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಮುಖ್ಯ ಆರಾಧನೆಯಲ್ಲಿ, ಗುರುಗಳು ಎತ್ತಿ ಹಿಡಿಯುವುದು ಅವೆರಡನ್ನೇ. ಬಿಳಿ ಬಟ್ಟೆ ಹಾಸಿದ ಮೇಜು ಅವರಿಗೆ ಮೊದಲ ನೋಟಕ್ಕೇ ಆ ಪೂಜೆಯ ಪೀಠದ ಹಾಗೆ ಕಂಡಿತ್ತು. ಆಮೇಲೆ ಬೈಬಲಿನ ಲೂಕನ ಸುವಾರ್ತೆಯಲ್ಲಿ ಬರುವ, ಎಮ್ಮಾವು ಅನ್ನುವ ಊರಿನ ಕಥೆ ನೆನಪಿಸಿದರು. ಯೇಸು ಸತ್ತ ಮೇಲೆ ಇಬ್ಬರು ಶಿಷ್ಯರು ದಾರಿಯಲ್ಲಿ ಹೋಗುವಾಗ ಒಬ್ಬ ಅಪರಿಚಿತ ಜೊತೆಯಾಗುತ್ತಾನೆ. ಸಂಜೆಯಾಯಿತು, ನಮ್ಮ ಜೊತೆಗೇ ಇರು ಅನ್ನುತ್ತಾರೆ. ಊಟಕ್ಕೆ ಕೂತಾಗ ಅವನು ರೊಟ್ಟಿ ಮುರಿಯುತ್ತಾನೆ. ಆ ಗಳಿಗೆಯಲ್ಲಿ ಅವನೇ ಸಾವಿನಿಂದ ಎದ್ದು ಬಂದ ಯೇಸು ಅಂತ ಅವರಿಗೆ ತಿಳಿಯುತ್ತದೆ. ಮೇಜಿಗೆ ಮೂವರು. ಅಪರಿಚಿತನಿಗೆ ಊಟ. 1642ರ ಪ್ಯಾರಿಸಿನಲ್ಲಿ ಈ ಕಥೆ ಗೊತ್ತಿಲ್ಲದವರು ಇರಲಿಲ್ಲ.

ಇದಕ್ಕೆ ಇತಿಹಾಸದ ಬೆಂಬಲವೂ ಇದೆ. ನಂಬಿಕೆಯೊಂದೇ ಸಾಕು ಅಂತ ಪ್ರೊಟೆಸ್ಟೆಂಟರು ಹೇಳಿದಾಗ ಕ್ಯಾಥೊಲಿಕ್ ಚರ್ಚು 1547ರಲ್ಲಿ ಟ್ರೆಂಟ್ ಅನ್ನುವ ಊರಿನಲ್ಲಿ ಸೇರಿದ ಧರ್ಮಸಭೆಯಲ್ಲಿ ಅದನ್ನು ಒಪ್ಪಲಿಲ್ಲ. ಒಳ್ಳೆಯ ಕೆಲಸವೂ ಬೇಕು ಅಂದಿತು. ಹಸಿದವರಿಗೆ ಉಣಿಸುವುದು, ಪರದೇಶಿಗೆ ಮನೆ ಕೊಡುವುದು ಮುಕ್ತಿಯ ದಾರಿಯ ಭಾಗವಾಯಿತು. 1633ರಲ್ಲಿ ವಿನ್ಸೆಂಟ್ ಡಿ ಪಾಲ್ ಮತ್ತು ಲೂಯಿಸ್ ಡಿ ಮಾರಿಯಾಕ್ ಪ್ಯಾರಿಸಿನಲ್ಲಿ ಸೇವೆಯ ಸೋದರಿಯರ ಸಂಘ ಕಟ್ಟಿದರು. ಅದರಲ್ಲಿ ಮೊದಮೊದಲು ಸೇರಿದವರಲ್ಲಿ ತುಂಬ ಜನ ಹಳ್ಳಿಯ ಹುಡುಗಿಯರು. 1638ರಲ್ಲಿ ಬೀದಿಯಲ್ಲಿ ಬಿಟ್ಟುಹೋದ ಕೂಸುಗಳನ್ನು ಸಾಕುವ ಕೆಲಸ ಶುರುವಾಯಿತು. ಸೋದರರ ಮನೆ ಸಾಂ ಸುಲ್ಪೀಸ್ ಧರ್ಮಕೇಂದ್ರದ ವ್ಯಾಪ್ತಿಯಲ್ಲಿತ್ತು. ಚಿತ್ರಕ್ಕೆ ಸಹಿ ಬಿದ್ದ ಅದೇ 1642ರಲ್ಲಿ ಅಲ್ಲಿಗೆ ಬಡವರ ಸೇವೆಗೆ ಹೆಸರಾದ ಓಲಿಯೆ ಅನ್ನುವ ಗುರುಗಳು ಬಂದರು.

ಇಷ್ಟೆಲ್ಲ ಸಿಕ್ಕ ಮೇಲೆ ನನಗೆ ಹುರುಪು ಬಂತು. ಹೊಸ ಕರಡಿನ ಮೊದಲ ಸಾಲೇ ಹೀಗಿತ್ತು: ‘ಇದು ದಾನದ ಚಿತ್ರ.’

ಚಿತ್ರಕಲೆ ಓದುವ ಹುಡುಗ ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: “ದಾನ ಅಂತೀರಿ. ಕೊಡೋ ಕೈ ಎಲ್ಲಿದೆ?”

ಅವನು ಹೋಲಿಕೆಗೆ ಎರಡು ಚಿತ್ರ ತೋರಿಸಿದ. ಒಂದು, ಇಟಲಿಯ ಚಿತ್ರಕಾರ ಕಾರವಾಜ್ಜೊ ನೇಪಲ್ಸಿನ ಒಂದು ಧರ್ಮಸಂಸ್ಥೆಗಾಗಿ ಬರೆದು 1607ರ ಹೊತ್ತಿಗೆ ಮುಗಿಸಿದ ‘ಕರುಣೆಯ ಏಳು ಕೆಲಸಗಳು’. ಅಲ್ಲಿ ಒಬ್ಬ ತರುಣ ತನ್ನ ಮೇಲಂಗಿಯನ್ನು ಕತ್ತರಿಸಿ ಬೆತ್ತಲೆ ಕೂತವನಿಗೆ ಕೊಡುತ್ತಿದ್ದಾನೆ, ಮಗಳು ಸೆರೆಯಲ್ಲಿರುವ ಅಪ್ಪನಿಗೆ ಕಿಟಕಿಯ ಸರಳಿನಾಚೆಯಿಂದ ಎದೆಹಾಲು ಕುಡಿಸುತ್ತಿದ್ದಾಳೆ. ಇನ್ನೊಂದು, ಸ್ಪೇನಿನ ಚಿತ್ರಕಾರ ಮುರಿಯೊ ಸೆವಿಲ್ಲಾದ ಕಾರಿದಾದ್ ಆಸ್ಪತ್ರೆಯ ಚರ್ಚಿಗೆ ಬರೆದ ಹಂಗೇರಿಯ ಸಂತ ಎಲಿಜಬೆತ್. ಆ ರಾಜಕುಮಾರಿ ತಾನೇ ನಿಂತು ಹುಣ್ಣಾದ ಹುಡುಗನ ತಲೆ ತೊಳೆಯುತ್ತಾಳೆ. ಸುತ್ತ ರೋಗಿಗಳು. ಅಲ್ಲಿ ಕೊಡುವವರ ಕೈ ಚಿತ್ರದ ನಟ್ಟನಡುವೆ ಇದೆ. ಪಡೆಯುವವರು ಬಾಗಿದ್ದಾರೆ, ಇಲ್ಲವೇ ಕೆಳಗೆ ಕೂತಿದ್ದಾರೆ.

ನಮ್ಮ ಚಿತ್ರದಲ್ಲಿ ಯಾರೂ ಏನನ್ನೂ ಚಾಚಿ ಕೊಡುತ್ತಿಲ್ಲ. ಯಾರೂ ಬಾಗಿಲ್ಲ. ಬರಿಗಾಲಿನವನು ಅದೇ ಮೇಜಿಗೆ ಕೂತಿದ್ದಾನೆ.

ಹುಡುಗ ಹೇಳಿದ್ದು ಸರಿ. ‘ಬಡ’ ಅನ್ನುವ ಮುಚ್ಚಳ ತೆಗೆದು ‘ದಾನ’ ಅನ್ನುವ ಇನ್ನೊಂದು ಮುಚ್ಚಳ ಹಾಕಿದ್ದೆ.

ಪದಕ್ಕಾಗಿ ಮೂರು ಭಾನುವಾರ

ಹಾಗಾದರೆ ಇದನ್ನು ಏನಂತ ಕರೆಯುವುದು? ‘ದಾಸೋಹ’ ಅನ್ನೋಣ ಅಂದೆ. ಕೊಡುವವನು ದೊಡ್ಡವನಲ್ಲ ಅನ್ನುವ ಭಾವ ಅದರಲ್ಲಿದೆ. ಅನುವಾದಕಿ ಒಪ್ಪಲಿಲ್ಲ. ಆ ಪದ ಬಂದ ಕೂಡಲೇ ಶರಣರು, ಮಠ, ಸಾಲುಪಂಕ್ತಿ ಕಣ್ಣಿಗೆ ಬರುತ್ತವೆ, 1642ರ ಫ್ರಾನ್ಸ್ ಮರೆಯಾಗುತ್ತದೆ ಅಂದರು. ಆ ಪದವನ್ನು ಬಿಡಲು ನನಗೆ ಕಷ್ಟವಾಯಿತು. ಆದರೆ ಬಿಟ್ಟೆ.

‘ಕರುಣೆ’ ಅಂದರೆ ಮತ್ತೆ ‘ಪಾಪ’ ಒಳಗೆ ಬರುತ್ತದೆ. ‘ಅತಿಥಿ ಸತ್ಕಾರ’ ಅಂದರೆ ಬರಿಗಾಲು ಮರೆತುಹೋಗುತ್ತದೆ.

ಮತ್ತೆ ದಾರಿ ತೋರಿಸಿದವರು ಲೆಕ್ಕಿಗರು. ಅವರು ಚಿತ್ರದ ಬಗ್ಗೆ ಮಾತಾಡಲಿಲ್ಲ, ತಮ್ಮ ಬಾಲ್ಯದ ಬಗ್ಗೆ ಹೇಳಿದರು. ಅವರ ಮನೆಯಲ್ಲಿ ಕೂಲಿಗೆ ಬಂದವರಿಗೆ ಯಾವತ್ತೂ ಊಟ ತಪ್ಪಿಸುತ್ತಿರಲಿಲ್ಲವಂತೆ. ಅಮ್ಮ ಹೊಟ್ಟೆ ತುಂಬ ಬಡಿಸುತ್ತಿದ್ದರಂತೆ. ಆದರೆ ಅವರು ಕೂರುತ್ತಿದ್ದದ್ದು ಜಗಲಿಯ ಮೇಲೆ, ಒಳಗಲ್ಲ. “ಊಟ ಹಾಕೋದು ಬೇರೆ, ಪಂಕ್ತಿಯಲ್ಲಿ ಕೂರಿಸಿಕೊಳ್ಳೋದು ಬೇರೆ. ನಾವು ಮೊದಲನೇದು ಮಾಡಿದ್ವಿ. ಎರಡನೇದು ಮಾಡಲಿಲ್ಲ” ಅಂದರು. ಅವರ ದನಿ ಸಣ್ಣದಾಯಿತು. ನಾವು ಯಾರೂ ಮಾತಾಡಲಿಲ್ಲ.

ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಗಳಿಗೆ ಅದು. ಆ ಮಾತಿನ ಬೆಳಕಿನಲ್ಲಿ ಚಿತ್ರ ನೋಡಿದರೆ, ಇಲ್ಲಿ ದೊಡ್ಡ ಸಂಗತಿ ಬ್ರೆಡ್ಡು ಅಲ್ಲ, ವೈನ್ ಕೂಡ ಅಲ್ಲ. ಬರಿಗಾಲಿನವನು ಕೂತ ಜಾಗ. ಅದಕ್ಕಾಗಿಯೇ ಹೊಸ ಪದ ಹುಡುಕುವುದನ್ನು ನಿಲ್ಲಿಸಿ ಕ್ರಿಯಾಪದಕ್ಕೆ ಹೋದೆವು: ‘ಜೊತೆಗೆ ಕೂರಿಸಿಕೊಂಡಿದ್ದಾನೆ.’ ಅಷ್ಟೇ.

ಶಿಕ್ಷಕಿಯವರು ಒಂದು ಎಚ್ಚರಿಕೆ ಸೇರಿಸಿದರು, ಅದನ್ನೂ ಬರೆದೆವು. ಆ ಕಾಲದ ಭಕ್ತರು ಬಡವರನ್ನು ಮೇಜಿಗೆ ಕರೆಯುವ ಕನಸನ್ನೂ ಕಂಡರು, ಬಡವರನ್ನು ಹತೋಟಿಯಲ್ಲಿಡುವ ಯೋಜನೆಯನ್ನೂ ಹಾಕಿದರು. 1630ರ ಹೊತ್ತಿಗೆ ಹುಟ್ಟಿದ ‘ಪವಿತ್ರ ಸಂಸ್ಕಾರ’ ಅನ್ನುವ ಕ್ಯಾಥೊಲಿಕ್ ಭಕ್ತರ ಗುಪ್ತ ಕೂಟ ಊಟವನ್ನೂ ಔಷಧವನ್ನೂ ಹಂಚುತ್ತಿತ್ತು. ಅದೇ ಕೂಟದವರು ಒತ್ತಾಯಿಸಿದ್ದರಿಂದ 1656ರಲ್ಲಿ ಪ್ಯಾರಿಸಿನಲ್ಲಿ ಒಂದು ದೊಡ್ಡ ಸಂಸ್ಥೆ ಹುಟ್ಟಿತು, ಭಿಕ್ಷುಕರನ್ನು ಹಿಡಿದು ಒಳಗೆ ಕೂಡಿಹಾಕಲು. ಇಂಥ ಚಿತ್ರ ಕೊಂಡು ಗೋಡೆಗೆ ಹಾಕುವ ಶಕ್ತಿ ಇದ್ದದ್ದೂ ಪಟ್ಟಣದ ಉಳ್ಳವರಿಗೇ. ಬರಿಗಾಲಿನವನಿಗೆ ಏನನ್ನಿಸಿತು ಅಂತ ಚಿತ್ರ ಹೇಳುವುದಿಲ್ಲ.

ಕೊನೆಯ ಕರಡು, ಮತ್ತು ನಡೆದದ್ದು

ಬರಹದ ಕ್ರಮವನ್ನೇ ತಿರುಗಿಸಿದೆವು. ಶೀರ್ಷಿಕೆ ಕೊನೆಯಲ್ಲಿ. ಮೊದಲು ಕಾಲು, ಆಮೇಲೆ ಮೇಜು, ಆಮೇಲೆ ಕೈಗಳು, ಆಮೇಲೆ ಪಿಟೀಲು. ಶಿಕ್ಷಕರು ಪ್ರತಿ ಹಂತದಲ್ಲೂ ಎರಡು ನಿಮಿಷ ಓದು ನಿಲ್ಲಿಸಬೇಕು. ಮನೆ ಯಾರದು ಅನ್ನುವ ಪ್ರಶ್ನೆ ಇದೆ, ಉತ್ತರ ಇಲ್ಲ. ಯುದ್ಧ ಮತ್ತು ತೆರಿಗೆಗೆ ಆರು ಸಾಲು. ಎಮ್ಮಾವು ಕಥೆಗೆ ಐದು ಸಾಲು, ‘ಆ ಕಾಲದ ನೋಡುಗರಿಗೆ ಇದು ನೆನಪಾಗಿರಬಹುದು’ ಅನ್ನುವ ಮಾತಿನೊಂದಿಗೆ. ಇದು ಕೂಲಿಯವರ ಊಟವೂ ಇರಬಹುದು, ದಾರಿಹೋಕನಿಗೆ ಕೊಟ್ಟ ಊಟವೂ ಇರಬಹುದು ಅಂತ ಎರಡನ್ನೂ ಇಟ್ಟೆವು.

ಬ್ರೆಡ್ಡು, ವೈನ್ ಬಗ್ಗೆ ಜಗಳವೇ ಆಯಿತು. ‘ರೊಟ್ಟಿ’ ಅಂದರೆ ಮಕ್ಕಳ ಕಣ್ಣಿಗೆ ಜೋಳದ ರೊಟ್ಟಿ ಬರುತ್ತದೆ. ‘ದ್ರಾಕ್ಷಾರಸ’ ಅಂದರೆ ಚರ್ಚಿಗೆ ಹೋಗದವರಿಗೆ ಜ್ಯೂಸು. ‘ವೈನ್’ ಅಂದರೆ ತರಗತಿಯಲ್ಲಿ ನಗು. ಕೊನೆಗೆ ಮೊದಲ ಸಲ ಬಂದಾಗ ‘ಬ್ರೆಡ್ಡು, ವೈನ್’ ಅಂತ ಬರೆದೆವು, ಎಮ್ಮಾವು ಕಥೆ ಹೇಳುವಾಗ ‘ರೊಟ್ಟಿ, ದ್ರಾಕ್ಷಾರಸ’ ಅಂತ ಬದಲಿಸಿದೆವು. ಎರಡೂ ಒಂದೇ ಅಂತ ಹೇಳಲಿಲ್ಲ. ಒಬ್ಬ ವಿದ್ಯಾರ್ಥಿನಿ ತಾನೇ ಕೈಯೆತ್ತಿ ಅದನ್ನು ಗುರುತಿಸಿದಳು ಅಂತ ಶಿಕ್ಷಕರು ಆಮೇಲೆ ತಿಳಿಸಿದರು.

ಈ ಸಲದ ಹಾಳೆಗಳಲ್ಲಿ ‘ಪಾಪ’ ಅನ್ನುವ ಪದ ಅಲ್ಲಲ್ಲಿ ಮಾತ್ರ ಇತ್ತು. ಪಿಟೀಲಿನ ಹುಡುಗನ ಬಗ್ಗೆ ತುಂಬ ಜನ ಬರೆದಿದ್ದರು. ಒಬ್ಬ ಬರೆದ: ಬರಿಗಾಲಿನವನಿಗೆ ಅಲ್ಲಿ ಕೂರಲು ಸಂಕೋಚ ಆಗುತ್ತಿದೆ, ನಮ್ಮ ಮಾವನ ಮನೆಯಲ್ಲಿ ನನಗೂ ಹಾಗೇ ಆಗುತ್ತೆ. ಇನ್ನೊಬ್ಬಳು ನಮ್ಮ ಓದನ್ನೇ ಒಪ್ಪಲಿಲ್ಲ. ಮೂವರೂ ಅಣ್ಣತಮ್ಮಂದಿರು, ಒಬ್ಬ ಹೊಲದಿಂದ ಈಗ ತಾನೇ ಬಂದಿದ್ದಾನೆ, ಅದಕ್ಕೇ ಕಾಲಿಗೆ ಏನೂ ಹಾಕಿಲ್ಲ ಅಂದಳು. ಚಿತ್ರ ಬರೆದವರೂ ಮೂವರು ಸೋದರರೇ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಅವಳ ಹಾಳೆಯನ್ನು ನಾವು ಎತ್ತಿಟ್ಟಿದ್ದೇವೆ. ಅದನ್ನು ತಪ್ಪು ಅನ್ನಲು ಚಿತ್ರದೊಳಗೆ ನಮಗೆ ಏನೂ ಸಿಕ್ಕಿಲ್ಲ.

ಇಂಥ ಕೆಲಸ ಮಾಡುವ ಬೇರೆಯವರಿಗೆ ಹೇಳಬೇಕಾದದ್ದು ಒಂದಿದೆ. ಈಗ ನಾನು ಕರಡು ಮುಗಿದ ಮೇಲೆ ಮೂಲದ ಹೆಸರಿನಲ್ಲಿ ಇಲ್ಲದ ಪ್ರತಿಯೊಂದು ಗುಣವಾಚಕದ ಕೆಳಗೂ ಗೆರೆ ಎಳೆಯುತ್ತೇನೆ. ಆಮೇಲೆ ಚಿತ್ರದಲ್ಲಿ ಅದನ್ನು ಬೆರಳಿಟ್ಟು ತೋರಿಸಲು ಆಗುತ್ತದಾ ಅಂತ ನೋಡುತ್ತೇನೆ. ಆಗದಿದ್ದರೆ ತೆಗೆಯುತ್ತೇನೆ. ‘ಬಡ’ದ ನಂತರ ‘ಮುಗ್ಧ’ ಹೋಯಿತು, ‘ಶ್ರಮಜೀವಿ’ ಹೋಯಿತು.

ಮುಂದಿನ ಚಿತ್ರವೂ ಇದೇ ಸೋದರರದ್ದು, ಲೂವ್ರ್‌ನಲ್ಲೇ ಇರುವ ರೈತ ಕುಟುಂಬದ ದೊಡ್ಡ ಚಿತ್ರ. ನಡುವೆ ಒಬ್ಬ ಹುಡುಗ ಕೊಳಲು ಊದುತ್ತಿದ್ದಾನೆ. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬಳು ವೈನ್ ಲೋಟ ಹಿಡಿದು ನೇರ ನಮ್ಮನ್ನೇ ನೋಡುತ್ತಾಳೆ. ನಾನು ಇನ್ನೂ ಒಂದು ಸಾಲೂ ಬರೆದಿಲ್ಲ. ಮೊನ್ನೆ ರಾತ್ರಿ ಲೆಕ್ಕಿಗರ ಮೆಸೇಜ್ ಬಂತು: ‘ಆ ಅಜ್ಜಿ ಕೈಯಲ್ಲಿರೋ ಲೋಟ ದಿನಾ ಬಳಸೋದಾ, ನೆಂಟರು ಬಂದಾಗ ಕಪಾಟಿನಿಂದ ತೆಗೆಯೋದಾ?’ ಈ ಭಾನುವಾರ ಅಲ್ಲಿಂದ ಶುರು ಮಾಡುತ್ತೇವೆ.